ಉಣ್ಣುವಾಗ ನಾವು ಎಲ್ಲಿರುತ್ತೇವೆ?



ಪ್ರತಿವರ್ಷ ತಪಸ್ಸುಕಾಲ ಬಂತೆಂದರೆ ನಮ್ಮ ಮನೆಗಳಲ್ಲಿ ಊಟದ ಬಗ್ಗೆ ಒಂದಿಷ್ಟು ತೀರ್ಮಾನಗಳಾಗುತ್ತವೆ. ಒಬ್ಬರು ಮಾಂಸ ಬಿಡುತ್ತಾರೆ. ಇನ್ನೊಬ್ಬರು ಮೀನನ್ನೂ ಬಿಡುತ್ತಾರೆ. ಅಜ್ಜ ಚಹಾಕ್ಕೆ ಸಕ್ಕರೆ ಬೇಡವೆನ್ನುತ್ತಾರೆ, ಮಕ್ಕಳು ಐಸ್‌ಕ್ರೀಮ್ ಬೇಡವೆನ್ನುತ್ತಾರೆ. ನಲವತ್ತು ದಿನ ಹೇಗೋ ನಡೆಯುತ್ತದೆ. ಪಾಸ್ಖ ಹಬ್ಬದ ಮಧ್ಯಾಹ್ನ ಬಿಟ್ಟದ್ದೆಲ್ಲವೂ ಬಡ್ಡಿ ಸಮೇತ ತಟ್ಟೆಗೆ ಮರಳುತ್ತದೆ. ಸೋಮವಾರದ ಹೊತ್ತಿಗೆ ನಾವು ಬೂದಿ ಬುಧವಾರದ ಹಿಂದಿನ ದಿನ ಎಲ್ಲಿದ್ದೆವೋ ಅಲ್ಲಿಯೇ ಇರುತ್ತೇವೆ.

ಆ ತ್ಯಾಗ ವ್ಯರ್ಥವೆಂದು ಇದರ ಅರ್ಥವಲ್ಲ. ಪ್ರೀತಿಯಿಂದ ಮಾಡಿದ ಯಾವ ತ್ಯಾಗವೂ ದೇವರ ಮುಂದೆ ವ್ಯರ್ಥವಾಗುವುದಿಲ್ಲ. ಆದರೆ ಸ್ವಲ್ಪ ಕಾಲ ಬಿಡುವುದು ಬೇರೆ, ಬದಲಾಗುವುದು ಬೇರೆ. ನಮ್ಮ ಊಟದ ಅಭ್ಯಾಸಗಳು ನಿಜವಾಗಿಯೂ ಬದಲಾಗುವುದು ಹೇಗೆ ಎಂಬ ಬಗ್ಗೆ ಈ ಬಾರಿ ನಿಮ್ಮೊಡನೆ ಕೆಲವು ಮಾತುಗಳನ್ನು ಹಂಚಿಕೊಳ್ಳಲು ಬಯಸುತ್ತೇವೆ.

ಕೈ ತನ್ನಷ್ಟಕ್ಕೇ ಹೋಗುತ್ತದೆ

ತಿಂಗಳ ಮೊದಲ ಶುಕ್ರವಾರ ನಾವು ಗುರುಗಳು ಕಾಯಿಲೆಯವರ ಮನೆಗಳಿಗೆ ಪರಮಪ್ರಸಾದ ಕೊಂಡೊಯ್ಯುತ್ತೇವೆ. ಮಂಚದ ಪಕ್ಕದ ಸಣ್ಣ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಶಿಲುಬೆ, ಮೇಣದ ಬತ್ತಿ, ಜಪಸರ ಇಟ್ಟಿರುತ್ತಾರೆ. ಅವುಗಳ ಪಕ್ಕದಲ್ಲೇ ಮಾತ್ರೆಯ ಡಬ್ಬಿ, ಎಷ್ಟೋ ಮನೆಗಳಲ್ಲಿ ಇನ್ಸುಲಿನ್ ಪೆನ್ನು. ಐವತ್ತು ದಾಟದ ಒಬ್ಬ ತಂದೆ ಸಕ್ಕರೆ ಕಾಯಿಲೆಯಿಂದ ಕಾಲಿನ ಎರಡು ಬೆರಳು ಕಳೆದುಕೊಂಡು ಮಲಗಿದ್ದರು. ಅವರು ಹೇಳಿದ ಮಾತು ಇದು: "ಏನು ತಿನ್ನಬಾರದು ಎಂದು ಗೊತ್ತಿಲ್ಲದೆ ಅಲ್ಲ ಫಾದರ್. ಎಲ್ಲ ಗೊತ್ತಿದೆ. ಆದರೆ ಕೈ ತನ್ನಷ್ಟಕ್ಕೇ ಹೋಗುತ್ತದೆ."

ಇದು ಒಬ್ಬರ ಕಥೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಮಂದಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ನಾವು ಬದುಕುತ್ತಿರುವ ಈ ಕೇರಳ ರಾಜ್ಯದಲ್ಲಿ ವಯಸ್ಕರ ಪೈಕಿ ಶೇಕಡಾ 25.5 ಮಂದಿಗೆ ಈ ಕಾಯಿಲೆ. ಅಂದರೆ ಭಾನುವಾರದ ಪೂಜೆಯಲ್ಲಿ ಒಂದು ಬೆಂಚಿನಲ್ಲಿ ನಾಲ್ವರು ದೊಡ್ಡವರು ಕುಳಿತರೆ ಅವರಲ್ಲಿ ಒಬ್ಬರು ಎಂದು ಲೆಕ್ಕ ಹಾಕಬಹುದು. ಈ ಕಾಯಿಲೆಗೆ ವಂಶ, ವಯಸ್ಸು, ದುಡಿಮೆಯ ರೀತಿ ಹೀಗೆ ಹಲವು ಕಾರಣಗಳಿವೆ. ಕಾಯಿಲೆ ಬಂದವರನ್ನೆಲ್ಲ 'ತಿಂದು ತಂದುಕೊಂಡದ್ದು' ಎಂದು ಹಂಗಿಸುವುದು ಅನ್ಯಾಯ. ಆದರೂ ನಮ್ಮ ಕೈಯಲ್ಲಿರುವ ಒಂದು ಕಾರಣ ನಮ್ಮ ತಟ್ಟೆಯೇ.

ಆ ತಂದೆಯ ಮಾತಿನಲ್ಲಿ ಇಡೀ ಸಮಸ್ಯೆ ಅಡಗಿದೆ. ತಿಳಿವಳಿಕೆಯ ಕೊರತೆ ನಮಗಿಲ್ಲ. ಏನು ತಿನ್ನಬೇಕು, ಏನು ತಿನ್ನಬಾರದು ಎಂದು ವೈದ್ಯರು, ಪತ್ರಿಕೆಗಳು, ಟಿ.ವಿ., ಮೊಬೈಲು ಎಲ್ಲವೂ ಹೇಳುತ್ತಿವೆ. ಕೊರತೆ ಇರುವುದು ಎಚ್ಚರದಲ್ಲಿ. ಕೈ ಹೋಗುವಾಗ ಮನಸ್ಸು ಅಲ್ಲಿರುವುದಿಲ್ಲ.

ಒಂದು ದಿನ ಸುಮ್ಮನೆ ಗಮನಿಸಿ ನೋಡೋಣ. ಸಂಜೆ ಧಾರಾವಾಹಿ ಶುರುವಾದ ಕೂಡಲೇ ಮಿಕ್ಸ್ಚರ್ ಡಬ್ಬಿಯ ಮುಚ್ಚಳ ತೆರೆಯುತ್ತದೆ. ಆಗ ನಮಗೆ ಹಸಿವಾಗಿರುವುದಿಲ್ಲ, ಧಾರಾವಾಹಿ ಶುರುವಾಗಿರುತ್ತದೆ ಅಷ್ಟೆ. ಮಗು ಬಾಯಿ ತೆರೆಯಲೆಂದು ಅದರ ಮುಂದೆ ಮೊಬೈಲು ಇಡುತ್ತೇವೆ. ಏನು ತಿಂದೆ ಎಂದು ಕೇಳಿದರೆ ಅದಕ್ಕೆ ನೆನಪಿರುವುದಿಲ್ಲ. ಅನ್ನ ಚೆಲ್ಲಬಾರದೆಂದು ತಾಯಿ ಮಕ್ಕಳ ತಟ್ಟೆಯಲ್ಲಿ ಉಳಿದದ್ದನ್ನೆಲ್ಲ ತಾನೇ ಮುಗಿಸುತ್ತಾಳೆ, ಆಮೇಲೆ ತನ್ನ ಊಟಕ್ಕೆ ಕುಳಿತುಕೊಳ್ಳುತ್ತಾಳೆ. ದಿನಕ್ಕೆ ನಾಲ್ಕು ಚಹಾ ಕುಡಿದು, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಹಾಕಿದರೆ ಎಂಟು ಚಮಚವಾಯಿತು. ಆಹಾರಕ್ಕೆ ಸೇರಿಸುವ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಮ್, ಅಂದರೆ ಆರು ಚಮಚದ ಒಳಗಿದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಬೇಕರಿಯ ತಿಂಡಿಗೆ ಕೈ ಹಾಕುವ ಮೊದಲೇ ನಾವು ಆ ಗೆರೆ ದಾಟಿರುತ್ತೇವೆ, ಅದೂ ನಮಗೆ ತಿಳಿಯದೆ.

ದೇಹಕ್ಕೂ ಒಂದು ನಿಧಾನವಿದೆ. ಹೊಟ್ಟೆ ತುಂಬಿತೆಂಬ ಸುದ್ದಿ ಮಿದುಳಿಗೆ ಸರಿಯಾಗಿ ಮುಟ್ಟಲು ಸುಮಾರು 20 ನಿಮಿಷ ಬೇಕೆನ್ನುತ್ತಾರೆ ವೈದ್ಯರು. ನಾವೋ ಎಂಟು ಹತ್ತು ನಿಮಿಷದಲ್ಲಿ ಊಟ ಮುಗಿಸಿ ಕೈತೊಳೆದು ಏಳುವವರು. 'ಸಾಕು' ಎಂದು ದೇಹ ಹೇಳುವ ಹೊತ್ತಿಗೆ ಎರಡನೇ ಬಾರಿ ಬಡಿಸಿಕೊಂಡದ್ದೂ ಮುಗಿದಿರುತ್ತದೆ.

ಇದು ನಮ್ಮದಲ್ಲವೇ?

ಊಟದ ಮೇಲೆ ಪೂರ್ಣ ಗಮನವಿಟ್ಟು ಉಣ್ಣುವ ಅಭ್ಯಾಸವನ್ನು ಈಗ ಆಸ್ಪತ್ರೆಗಳಲ್ಲೂ ಹೇಳಿಕೊಡುತ್ತಾರೆ. ಅಮೆರಿಕದ ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಾತ್‌ಜಿನ್ ಎಂಬವರು 1979ರಲ್ಲಿ ಇಂಥ ತರಬೇತಿ ಆರಂಭಿಸಿದರು. ಅಲ್ಲಿ ಒಂದು ಒಣದ್ರಾಕ್ಷಿಯನ್ನು ಕೈಗೆ ಕೊಟ್ಟು ನೋಡಿ, ಮುಟ್ಟಿ, ಮೂಸಿ, ನಿಧಾನವಾಗಿ ಅಗಿದು ತಿನ್ನಲು ಹೇಳುತ್ತಾರೆ. ಈ ಕ್ರಮದ ಬೇರು ಬೌದ್ಧ ಧ್ಯಾನದಲ್ಲಿದೆ. ಆದ್ದರಿಂದ 'ಇದು ನಮಗೆ ಹೇಳಿದ್ದಲ್ಲ' ಎಂದು ಕೆಲವರಿಗೆ ಅನಿಸಬಹುದು. ಆದರೆ ಧರ್ಮಸಭೆಯ ಸಂತರು ಇದೇ ವಿಷಯವನ್ನು ನೂರಾರು ವರ್ಷಗಳ ಹಿಂದೆ ತಮ್ಮದೇ ರೀತಿಯಲ್ಲಿ ಕಲಿಸಿದ್ದಾರೆ. ನಮ್ಮ ಮನೆಯ ಪೆಟ್ಟಿಗೆಯಲ್ಲಿರುವ ಒಡವೆಯನ್ನು ನಾವೇ ತೆರೆದು ನೋಡಿಲ್ಲ.

590ರಿಂದ 604ರವರೆಗೆ ಪೋಪರಾಗಿದ್ದ ಮಹಾ ಸಂತ ಗ್ರೆಗರಿಯವರು ಹೊಟ್ಟೆಬಾಕತನಕ್ಕೆ ಐದು ದಾರಿಗಳಿವೆ ಎಂದು ಬರೆದರು. ಹೊತ್ತಿಗೆ ಮೊದಲೇ ತಿನ್ನುವುದು ಒಂದು. ರುಚಿಯಾದದ್ದೇ ಬೇಕೆಂದು ಹಟ ಹಿಡಿಯುವುದು ಎರಡು. ಅಡುಗೆಯ ವೈಭವದಲ್ಲೇ ಮುಳುಗುವುದು ಮೂರು. ಮಿತಿ ಮೀರಿ ತಿನ್ನುವುದು ನಾಲ್ಕು. ಆತುರದಿಂದ, ಆಸೆಬುರುಕತನದಿಂದ ತಿನ್ನುವುದು ಐದು. ಗಮನಿಸಿ, ಹೆಚ್ಚು ತಿನ್ನುವುದು ಐದರಲ್ಲಿ ಒಂದು ಮಾತ್ರ. ಉಳಿದ ನಾಲ್ಕು, ಹೇಗೆ ತಿನ್ನುತ್ತೇವೆ ಎಂಬುದಕ್ಕೆ ಸಂಬಂಧಿಸಿದವು.

ಐದನೆಯದಕ್ಕೆ ಅವರು ಕೊಟ್ಟ ಉದಾಹರಣೆ ಏಸಾವನದು. ಆದಿಕಾಂಡದ ಆ ಕಥೆ ನಮಗೆಲ್ಲ ಗೊತ್ತು. ಬೇಟೆಯಿಂದ ದಣಿದು ಬಂದ ಏಸಾವ ತಮ್ಮನ ಬಳಿ ಬೇಯುತ್ತಿದ್ದ ಕೆಂಪು ಸಾರನ್ನು ನೋಡಿ, ಅದಕ್ಕಾಗಿ ಚೊಚ್ಚಲತನದ ಹಕ್ಕನ್ನೇ ಮಾರಿಬಿಟ್ಟ. ಅದು ಮಾಂಸದ ಅಡುಗೆಯಾಗಿರಲಿಲ್ಲ, ಬರೀ ಬೇಳೆಯ ಸಾರು! ತಪ್ಪು ಪಾತ್ರೆಯೊಳಗೆ ಇರಲಿಲ್ಲ, ಅದನ್ನು ನೋಡಿದ ಕಣ್ಣಿನಲ್ಲಿತ್ತು. ಆ ಗಳಿಗೆಯಲ್ಲಿ ಅವನಿಗೆ ಸಾರಿನ ಹೊರತು ತಂದೆಯೂ ಕಾಣಲಿಲ್ಲ, ನಾಳೆಯೂ ಕಾಣಲಿಲ್ಲ. ಇಂದಿಗೂ ನಮ್ಮ ಕಾಲು, ಕಣ್ಣು, ಮೂತ್ರಪಿಂಡಗಳನ್ನು ನಾವು ಇದೇ ರೀತಿ ಒಂದೊಂದು ಬಟ್ಟಲಿಗೆ ಮಾರುತ್ತಿಲ್ಲವೇ?

ಉಂಡ ಮೇಲೆ ಮಾಡುವ ತೀರ್ಮಾನ

ಯೇಸುಸಭೆಯ ಸ್ಥಾಪಕರಾದ ಲೊಯೋಲದ ಸಂತ ಇಗ್ನಾಸಿಯವರು ಇನ್ನೂ ಹತ್ತಿರದ ಮಾರ್ಗದರ್ಶಕರು. ಅವರು ಅನುಭವದಿಂದ ಮಾತನಾಡಿದವರು. ಮನಪರಿವರ್ತನೆಯಾದ ಹೊಸದರಲ್ಲಿ, 1522ರಲ್ಲಿ, ಸ್ಪೇನ್ ದೇಶದ ಮನ್ರೇಸ ಎಂಬ ಊರಿನಲ್ಲಿ ಅವರು ಅತಿಯಾದ ಉಪವಾಸ ಮಾಡಿದರು. ಒಮ್ಮೆ ಇಡೀ ವಾರ ಏನನ್ನೂ ತಿನ್ನದೆ ಇದ್ದರು. ಕೊನೆಗೆ ಪಾಪನಿವೇದನೆ ಕೇಳುವ ಗುರುಗಳು ಉಪವಾಸ ಮುರಿಯಲು ಆಜ್ಞಾಪಿಸಬೇಕಾಯಿತು. ಆ ಕಾಲದಲ್ಲಿ ಕೆಟ್ಟ ಆರೋಗ್ಯ ಅವರನ್ನು ಜೀವನಪರ್ಯಂತ ಕಾಡಿತು. ಅತಿಯಾಗಿ ತಿನ್ನುವುದರಿಂದ ಹೇಗೋ ಹಾಗೆಯೇ ಅತಿಯಾಗಿ ಬಿಡುವುದರಿಂದಲೂ ದೇಹ ಕೆಡುತ್ತದೆ ಎಂದು ಅವರು ಸ್ವತಃ ಕಲಿತರು. ಮುಂದೆ ತಮ್ಮವರನ್ನು ಅತಿಯಾದ ಉಪವಾಸದಿಂದ ತಡೆದರು.

1548ರಲ್ಲಿ ಪ್ರಕಟವಾದ ಅವರ 'ಆಧ್ಯಾತ್ಮಿಕ ಸಾಧನೆಗಳು' ಎಂಬ ಪುಸ್ತಕದಲ್ಲಿ ಊಟಕ್ಕೆ ಸಂಬಂಧಿಸಿದ ಎಂಟು ನಿಯಮಗಳಿವೆ. ಅವುಗಳ ಸಾರ ಸರಳವಾದದ್ದು. ದಿನನಿತ್ಯದ ರೊಟ್ಟಿಯ ವಿಷಯದಲ್ಲಿ ಅಷ್ಟು ಹೆದರಬೇಕಾಗಿಲ್ಲ, ನಾಲಿಗೆಯನ್ನು ಸೆಳೆಯುವ ಭಕ್ಷ್ಯಗಳ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಉಣ್ಣುವಾಗ ಪ್ರಭು ಯೇಸು ತಮ್ಮ ಶಿಷ್ಯರೊಡನೆ ಕುಳಿತು ಹೇಗೆ ಉಣ್ಣುತ್ತಿದ್ದರು, ಹೇಗೆ ಮಾತನಾಡುತ್ತಿದ್ದರು ಎಂದು ಮನಸ್ಸಿನಲ್ಲಿ ಕಾಣಬೇಕು. ಮನಸ್ಸೆಲ್ಲ ತಟ್ಟೆಯೊಳಗೆ ಬೀಳಬಾರದು, ಆತುರ ಸಲ್ಲದು. ಉಣ್ಣುವ ರೀತಿಗೂ ಪ್ರಮಾಣಕ್ಕೂ ನಾವೇ ಯಜಮಾನರಾಗಿರಬೇಕು.

ಎಂಟನೆಯ ನಿಯಮ ಬಹಳ ಜಾಣತನದ್ದು. ಮುಂದಿನ ಊಟದಲ್ಲಿ ಎಷ್ಟು ಉಣ್ಣಬೇಕೆಂಬುದನ್ನು ಈಗಿನ ಊಟ ಮುಗಿದ ಮೇಲೆ, ಹಸಿವಿಲ್ಲದಿರುವಾಗಲೇ ತೀರ್ಮಾನಿಸಿಕೊಳ್ಳಿ ಎಂದು ಅವರು ಹೇಳುತ್ತಾರೆ. ಬಿಸಿ ಸನ್ನಾ, ಹಂದಿಮಾಂಸದ ಸಾರು ಮುಂದೆ ಬಂದಾಗ 'ಎರಡು ಸಾಕೋ ಐದು ಬೇಕೋ' ಎಂದು ಕೇಳಿದರೆ ಉತ್ತರ ಹೇಳುವುದು ನಾಲಿಗೆ. ಮಧ್ಯಾಹ್ನ ಉಂಡು ಕೈತೊಳೆದ ಮೇಲೆ ಅದೇ ಪ್ರಶ್ನೆ ಕೇಳಿದರೆ ಉತ್ತರ ಹೇಳುವುದು ಬುದ್ಧಿ. ಅಡುಗೆಮನೆಯ ಒಡತಿಯರಿಗೆ ಇದರಿಂದ ಇನ್ನೊಂದು ಲಾಭವಿದೆ: ರಾತ್ರಿಗೆ ಎಷ್ಟು ಅಕ್ಕಿ ಹಾಕಬೇಕೆಂದು ಮೊದಲೇ ಗೊತ್ತಾಗುತ್ತದೆ. ಅನ್ನ ಉಳಿಯುವುದಿಲ್ಲ, ಉಳಿದದ್ದನ್ನು ಒತ್ತಾಯಕ್ಕೆ ಮುಗಿಸುವ ಕಷ್ಟವೂ ಇರುವುದಿಲ್ಲ.

ಅದೇ ಪುಸ್ತಕದಲ್ಲಿ ಇಗ್ನಾಸಿಯವರು ಒಂದೇ ದೋಷವನ್ನು ಹಿಡಿದು ಪರೀಕ್ಷಿಸುವ ಕ್ರಮವನ್ನೂ ಕೊಟ್ಟಿದ್ದಾರೆ. ಬೆಳಿಗ್ಗೆ ಏಳುವಾಗ ಆ ಒಂದು ವಿಷಯದಲ್ಲಿ ಎಚ್ಚರವಾಗಿರಲು ನಿರ್ಧರಿಸಬೇಕು. ಮಧ್ಯಾಹ್ನದ ಊಟದ ಬಳಿಕ ಒಮ್ಮೆ, ರಾತ್ರಿಯ ಊಟದ ಬಳಿಕ ಒಮ್ಮೆ ಎಷ್ಟು ಬಾರಿ ಎಡವಿದೆ ಎಂದು ಲೆಕ್ಕ ಹಾಕಿ ಪುಸ್ತಕದಲ್ಲಿ ಎಳೆದ ಗೆರೆಯ ಮೇಲೆ ಅಷ್ಟು ಚುಕ್ಕೆ ಇಡಬೇಕು. ನಿನ್ನೆಗೂ ಇಂದಿಗೂ, ಹೋದ ವಾರಕ್ಕೂ ಈ ವಾರಕ್ಕೂ ಹೋಲಿಸಿ ನೋಡಬೇಕು. ಅಷ್ಟೇ.

ಮಕ್ಕಳ ಹಳೆಯ ನೋಟುಪುಸ್ತಕದ ಖಾಲಿ ಹಾಳೆ ಇದಕ್ಕೆ ಸಾಕು. ಎಲ್ಲವನ್ನೂ ಒಟ್ಟಿಗೆ ಹಿಡಿಯಬಾರದು. ಈ ವಾರ ಚಹಾದ ಸಕ್ಕರೆ ಮಾತ್ರ, ಅಥವಾ ಟಿ.ವಿ.ಯ ಮುಂದಿನ ಮಿಕ್ಸ್ಚರ್ ಮಾತ್ರ, ಅಥವಾ ಎರಡನೇ ಸಲ ಬಡಿಸಿಕೊಳ್ಳುವುದು ಮಾತ್ರ. ಮೊದಲ ವಾರ ಬಿಡುವುದೂ ಬೇಡ, ಬರೀ ಚುಕ್ಕೆ ಇಡೋಣ. ಚುಕ್ಕೆಯ ಪಕ್ಕದಲ್ಲಿ ಒಂದು ಮಾತು ಬರೆಯೋಣ: ಆಗ ಹಸಿವಾಗಿತ್ತೇ, ಬೇಸರವಾಗಿತ್ತೇ, ಸಿಟ್ಟು ಬಂದಿತ್ತೇ, ಸುಮ್ಮನೆ ಕೈ ಹೋಯಿತೇ? ವಾರದ ಕೊನೆಗೆ ಹಾಳೆ ನೋಡಿದರೆ ನಮ್ಮ ಅಭ್ಯಾಸದ ಮುಖ ನಮಗೇ ಕಾಣುತ್ತದೆ. ಯಾವ ಗಂಟೆಗೆ, ಯಾವ ಕುರ್ಚಿಯಲ್ಲಿ, ಯಾವ ಭಾವದಲ್ಲಿ ಕೈ ಡಬ್ಬಿಗೆ ಹೋಗುತ್ತದೆಂದು ತಿಳಿದರೆ ಆ ಕುರ್ಚಿಯನ್ನು ಬದಲಿಸಬಹುದು, ಡಬ್ಬಿಯನ್ನು ಮೇಲಿನ ಅಟ್ಟಕ್ಕೆ ಏರಿಸಬಹುದು, ಆ ಗಂಟೆಗೆ ಜಪಸರ ಹಿಡಿಯಬಹುದು.

ಹೊಟ್ಟೆಯದಲ್ಲದ ಹಸಿವು

ಆ ಹಾಳೆಯಲ್ಲಿ 'ಬೇಸರ' ಎಂದೇ ಹೆಚ್ಚು ಬಾರಿ ಬರೆದಿದ್ದರೆ ಅಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲಿ, ಬೆಂಗಳೂರು ಮುಂಬಯಿಗಳಲ್ಲಿ ಇದ್ದಾರೆ. ದೊಡ್ಡ ಮನೆ, ಉದ್ದದ ಊಟದ ಮೇಜು, ಅದರ ಒಂದು ತುದಿಯಲ್ಲಿ ಒಬ್ಬಂಟಿ ತಾಯಿ. ಅವರು ಕ್ರಿಸ್ಮಸ್ ಕಳೆದು ತಿಂಗಳಾದರೂ ಕುಸ್ವಾರ್ ಡಬ್ಬಿಯನ್ನು ಮತ್ತೆ ಮತ್ತೆ ತೆರೆಯುವುದು ಹೊಟ್ಟೆಬಾಕತನದಿಂದ ಎಂದು ಯಾರು ಹೇಳಬಲ್ಲರು?

ಪ್ರವಾದಿ ಎಲೀಯನನ್ನು ನೆನಪಿಸಿಕೊಳ್ಳೋಣ. ಬದುಕೇ ಬೇಡವೆಂದು ಮರುಭೂಮಿಯಲ್ಲಿ ಪೊದೆಯ ಕೆಳಗೆ ಮಲಗಿದ್ದ ಅವನಿಗೆ ದೇವರು ಬುದ್ಧಿವಾದ ಹೇಳಲಿಲ್ಲ. ದೂತನನ್ನು ಕಳುಹಿಸಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟು ಎಬ್ಬಿಸಿದರು. ಅವನು ತಿಂದು ಮತ್ತೆ ಮಲಗಿದಾಗ ಎರಡನೇ ಸಲವೂ ಬಂದು ಎಬ್ಬಿಸಿದರು. ದುಃಖದಲ್ಲಿರುವವನಿಗೆ ಊಟ ಬೇಕು, ಆದರೆ ಊಟದೊಂದಿಗೆ ಮುಟ್ಟಿ ಎಬ್ಬಿಸುವ ಒಂದು ಕೈಯೂ ಬೇಕು. ಆ ಕೈ ಸಿಗದಿದ್ದಾಗ ನಾವು ರೊಟ್ಟಿಯಿಂದಲೇ ಎರಡೂ ಕೆಲಸ ಮಾಡಿಸಲು ನೋಡುತ್ತೇವೆ, ಅದು ರೊಟ್ಟಿಯಿಂದ ಆಗುವುದಿಲ್ಲ. ನಮ್ಮ ವಾರ್ಡಿನ ಗುರ್ಕಾರರೂ ನೆರೆಹೊರೆಯವರೂ ಇಂಥ ಮನೆಗಳಿಗೆ ವಾರಕ್ಕೊಮ್ಮೆ ಹೋಗಿ ಅರ್ಧ ಗಂಟೆ ಕುಳಿತರೆ ಅದು ಯಾವ ಪಥ್ಯಕ್ಕೂ ಕಡಿಮೆಯಲ್ಲ.

ಇನ್ನೊಂದು ಮಾತು, ವಿಶೇಷವಾಗಿ ಹಿರಿಯರಿಗೆ. ಹರೆಯದ ಮಕ್ಕಳ ಮೈಯನ್ನು ನೋಡಿ 'ದಪ್ಪಗಾದೆ', 'ಕಡ್ಡಿಯಾದೆ' ಎಂದು ಹತ್ತು ಮಂದಿಯ ಮುಂದೆ ಹೇಳುವ ರೂಢಿಯನ್ನು ದಯವಿಟ್ಟು ನಿಲ್ಲಿಸೋಣ. ಆ ಮಾತಿಗೆ ಹೆದರಿ ಊಟ ಬಿಡುವ, ಕದ್ದು ತಿನ್ನುವ, ತಿಂದು ವಾಂತಿ ಮಾಡುವ ಮಕ್ಕಳಿದ್ದಾರೆ. ಅದು ಹಟವಲ್ಲ, ಕಾಯಿಲೆ, ಅದಕ್ಕೆ ವೈದ್ಯರಿದ್ದಾರೆ. ಅಂಥ ಮಕ್ಕಳಿಗೆ ಚುಕ್ಕೆಯ ಲೆಕ್ಕವೂ ಬೇಡ, ಉಪವಾಸವೂ ಬೇಡ. ಹಾಗೆಯೇ ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಬಾರದು. ಧರ್ಮಸಭೆಯ ಕಾನೂನು ಉಪವಾಸವನ್ನು ಕಡ್ಡಾಯ ಮಾಡಿರುವುದು 18 ತುಂಬಿದವರಿಂದ 59 ತುಂಬುವವರೆಗಿನವರಿಗೆ, ಅದೂ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಎಂಬ ಎರಡು ದಿನಗಳಿಗೆ. ಕಾಯಿಲೆಯವರನ್ನು ಅದು ಕಟ್ಟಿಹಾಕುವುದಿಲ್ಲ. ಹೊತ್ತಿಗೆ ಸರಿಯಾಗಿ, ಹೇಳಿದಷ್ಟೇ ತಿನ್ನುವುದು ಅವರ ಪಾಲಿನ ತಪಸ್ಸು.

'ಸಾಕು' ಎಂಬ ಮಾತಿಗೆ ಗೌರವ

ಅಭ್ಯಾಸ ಒಬ್ಬರದೇ ಅಲ್ಲ, ಊರಿನದೂ ಹೌದು. ನಮ್ಮಲ್ಲಿ ಅತಿಥಿ 'ಸಾಕು' ಎಂದರೆ ಅದು ಸಂಕೋಚವೆಂದು ತಿಳಿದು ಇನ್ನೊಂದು ಸೌಟು ಹಾಕುವುದೇ ಮರ್ಯಾದೆ. ರೋಸ್, ಮದುವೆ, ನಾಮಕರಣ, ಮೊದಲ ಪರಮಪ್ರಸಾದ ಎಲ್ಲ ಕಡೆಯೂ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದವರ ಬೆರಳಿನ ಸಂದಿಯಿಂದಲೂ ಬಡಿಸುವವರಿದ್ದಾರೆ! ಪ್ರೀತಿಯಿಂದಲೇ ಬಡಿಸುತ್ತಾರೆ, ನಿಜ. ಆದರೆ ಮಾತ್ರೆ ನುಂಗಿ ಬಂದ ಅತಿಥಿಗೆ ಆ ಸೌಟು ಪ್ರೀತಿಯಲ್ಲ. ಒಬ್ಬರು 'ಸಾಕು' ಎಂದರೆ ಅವರು ಎಚ್ಚರದಲ್ಲಿದ್ದಾರೆ ಎಂದರ್ಥ. ಆ ಎಚ್ಚರವನ್ನು ನಾವು ಕೆಡಿಸದಿರೋಣ.

ಎಚ್ಚರದಿಂದ ಉಣ್ಣುವುದು ಹೇಗೆಂದು ನಮ್ಮ ಹಿರಿಯರಿಗೆ ತಿಳಿದಿತ್ತು ಎನ್ನುವುದಕ್ಕೆ ನಮ್ಮ ತೆನೆಹಬ್ಬವೇ ಸಾಕ್ಷಿ. ಸೆಪ್ಟೆಂಬರ್ 8ರಂದು ಮರಿಯಮ್ಮನವರ ಜನನದ ಹಬ್ಬದ ದಿನ ದೇವಾಲಯದಲ್ಲಿ ಆಶೀರ್ವದಿಸಿದ ತೆನೆಯನ್ನು ಮನೆಗೆ ತರುತ್ತೇವೆ. ಅಂದು ಮೀನಿಲ್ಲ, ಮಾಂಸವಿಲ್ಲ. ತೊಂಡೆ, ಬೆಂಡೆ, ಹಾಗಲ, ಕೆಸುವಿನ ದಂಟು ಎಂದು ಲೆಕ್ಕ ಹಾಕಿ ಬೆಸಸಂಖ್ಯೆಯ ತರಕಾರಿ ಅಡುಗೆಗಳು. ಎಲ್ಲರೂ ಬರುವವರೆಗೆ ಯಾರೂ ಕೈ ಹಾಕುವುದಿಲ್ಲ. ಪ್ರಾರ್ಥನೆಯಾದ ಮೇಲೆ ಹಿರಿಯರು ಹೊಸ ಅಕ್ಕಿಯ ಕಾಳು ಬೆರೆಸಿದ್ದನ್ನು ಎಲ್ಲರಿಗೂ ಸ್ವಲ್ಪ ಸ್ವಲ್ಪ ಹಂಚುತ್ತಾರೆ. ದೂರದಲ್ಲಿರುವವರಿಗೂ ನಾಲ್ಕು ಕಾಳು ಕಳುಹಿಸುತ್ತೇವೆ. ಆ ನಾಲ್ಕು ಕಾಳಿನಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ಆದರೂ ಅದನ್ನು ಉಣ್ಣುವಾಗ ನಾವು ಪೂರ್ತಿಯಾಗಿ ಅಲ್ಲಿಯೇ ಇರುತ್ತೇವೆ. ಗದ್ದೆ, ಮಳೆ, ದುಡಿದವರ ಕೈ, ಕೊಟ್ಟ ದೇವರು, ಪಕ್ಕದಲ್ಲಿ ಕುಳಿತವರು ಎಲ್ಲ ನೆನಪಿರುತ್ತದೆ.

ವರ್ಷಕ್ಕೊಮ್ಮೆ ಸಾಧ್ಯವಾದದ್ದು ದಿನಕ್ಕೊಂದು ಊಟದಲ್ಲಿ ಏಕೆ ಸಾಧ್ಯವಿಲ್ಲ? ಹಬ್ಬದ ಅಡುಗೆ ಬೇಕಾಗಿಲ್ಲ. ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ ಇದ್ದರೂ ನಡೆಯುತ್ತದೆ. ರಾತ್ರಿಯ ಜಪಸರದ ಬಳಿಕ ಟಿ.ವಿ. ಮುಚ್ಚಿ, ಮೊಬೈಲುಗಳನ್ನು ಒಂದು ಬುಟ್ಟಿಯಲ್ಲಿಟ್ಟು, ಎಲ್ಲರೂ ಒಟ್ಟಿಗೆ ಕುಳಿತುಕೊಳ್ಳೋಣ. ಪ್ರಾರ್ಥನೆ ಮುಗಿದ ಕೂಡಲೇ ಕೈ ಹಾಕದೆ ಒಂದು ಉಸಿರಿನಷ್ಟು ಹೊತ್ತು ತಟ್ಟೆಯನ್ನು ನೋಡೋಣ. ಮೊದಲ ಮೂರು ತುತ್ತು ಮಾತಿಲ್ಲದೆ, ಚೆನ್ನಾಗಿ ಅಗಿದು ಉಣ್ಣೋಣ. ಆಮೇಲೆ ಮಾತನಾಡೋಣ. ಅರ್ಧ ಊಟದಲ್ಲಿ ಒಮ್ಮೆ ನಿಂತು 'ಇನ್ನೂ ಹಸಿವಿದೆಯೇ?' ಎಂದು ಕೇಳಿಕೊಳ್ಳೋಣ. ಇದ್ದರೆ ಸಂತೋಷದಿಂದ ಉಣ್ಣೋಣ, ಇಲ್ಲದಿದ್ದರೆ ಸಂತೋಷದಿಂದ ಏಳೋಣ.

ಇದು ತೂಕ ಇಳಿಸುವ ಮಂತ್ರವಲ್ಲ. ಕೆಲವರ ತೂಕ ಇಳಿಯಬಹುದು, ಕೆಲವರದು ಇಳಿಯದೆ ಇರಬಹುದು. ವೈದ್ಯರು ಕೊಟ್ಟ ಮಾತ್ರೆಗೂ ಪಥ್ಯಕ್ಕೂ ಇದು ಬದಲಿಯಲ್ಲ. ಆದರೆ ಕೈಗೂ ಬಾಯಿಗೂ ನಡುವೆ ಮನಸ್ಸು ಬಂದು ನಿಲ್ಲುವಷ್ಟು ಜಾಗ ಇದರಿಂದ ಸಿಗುತ್ತದೆ. ಬದಲಾವಣೆ ಆಗುವುದು ಅಷ್ಟು ಸಣ್ಣ ಜಾಗದಲ್ಲಿಯೇ. ಎಡವಿದ ದಿನ ಪುಸ್ತಕದಲ್ಲಿ ಒಂದು ಚುಕ್ಕೆ ಹೆಚ್ಚಾಗುತ್ತದೆ, ಮರುದಿನ ಹೊಸ ಗೆರೆ ಇರುತ್ತದೆ.

ಎಮ್ಮಾವಿನ ದಾರಿಯಲ್ಲಿ ಇಬ್ಬರು ಶಿಷ್ಯರು ಪ್ರಭುವಿನೊಡನೆ ಅಷ್ಟು ದೂರ ನಡೆದರೂ ಅವರನ್ನು ಗುರುತಿಸಲಿಲ್ಲ. ಗುರುತು ಸಿಕ್ಕಿದ್ದು ಊಟದ ಮೇಜಿನಲ್ಲಿ, ರೊಟ್ಟಿ ಮುರಿಯುವುದನ್ನು ಕಣ್ಣಿಟ್ಟು ನೋಡಿದಾಗ. ಪ್ರತಿ ಭಾನುವಾರ ಬಲಿಪೂಜೆಯಲ್ಲಿ ಬಡವ ಬಲ್ಲಿದನೆನ್ನದೆ ಎಲ್ಲರಿಗೂ ಸಿಗುವುದು ಅಷ್ಟೇ ಸಣ್ಣ ರೊಟ್ಟಿ. ಅದನ್ನು ನಾವು ಆತುರದಿಂದ ಸ್ವೀಕರಿಸುವುದಿಲ್ಲ, ಸಾಲದೆಂದು ದೂರುವುದೂ ಇಲ್ಲ. ಆ ಮೇಜಿನಲ್ಲಿ ಕಲಿತ ನಿಧಾನವೂ ಕೃತಜ್ಞತೆಯೂ ನಮ್ಮ ಮನೆಯ ಮೇಜಿಗೂ ಬರಲಿ. ಇಂದು ರಾತ್ರಿಯ ಊಟದಿಂದಲೇ ಆರಂಭಿಸೋಣ. ದೇವರು ನಿಮ್ಮ ಮನೆಯ ಅನ್ನವನ್ನೂ ಅದನ್ನು ಉಣ್ಣುವವರನ್ನೂ ಆಶೀರ್ವದಿಸಲಿ.